ಕೆಲಸಕ್ಕೆ ಬಂದವರು ಕಂಡ ವಿಜಯನಗರ

ಕೆಲಸದ ಮೇಲೆ ಪರದೇಶಕ್ಕೆ ಹೋದವರ ಮೊದಲ ವಾರ ಮನೆ, ಊಟ, ಹವೆ ಇವುಗಳ ಚಿಂತೆಯಲ್ಲೇ ಕಳೆದುಹೋಗುತ್ತದೆ. ಆಮೇಲೆ ಒಂದು ರಜೆಯ ದಿನ ಮೆಲ್ಲನೆ ಊರು ನೋಡಲು ಹೊರಡುತ್ತಾರೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಮನೆಗಳ ಮಕ್ಕಳೂ ಈಗ ದುಬೈ, ಸಿಂಗಪುರಗಳ ಬೀದಿಗಳನ್ನು ಅಳೆಯುತ್ತಿದ್ದಾರೆ. ಅಲ್ಲಿ ಟೊಮೆಟೊ ಕಿಲೋಗೆ ಎಷ್ಟು, ಬಸ್ಸಿನಲ್ಲಿ ಟಿಕೆಟ್ ಕೊಡುವವರು ಯಾರು ಎಂಬ ವರದಿ ಭಾನುವಾರ ತಾಯಿತಂದೆಗೆ ತಪ್ಪದೆ ತಲುಪುತ್ತದೆ.

ಐದು ಶತಮಾನಗಳ ಹಿಂದೆ ಈ ವ್ಯವಹಾರ ತಿರುವುಮುರುವಾಗಿತ್ತು. ಆಗ ದೊಡ್ಡ ಊರು ಇಲ್ಲಿತ್ತು. ವೆನಿಸ್, ಹೆರಾತ್, ಲಿಸ್ಬನ್ ಕಡೆಯವರು ಕುದುರೆ ಮಾರಲು, ರತ್ನ ಕೊಳ್ಳಲು, ರಾಯಭಾರ ನಡೆಸಲು ಇಲ್ಲಿಗೆ ಬಂದು, ತಿಂಗಳುಗಟ್ಟಲೆ ಉಳಿದು, ಬಿಡುವಿನಲ್ಲಿ ಊರು ಸುತ್ತಿದರು. ಸುಮಾರು 1420ರಲ್ಲಿ ಬಂದ ವೆನಿಸ್ಸಿನ ನಿಕೊಲೊ ಕಾಂಟಿ ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ತಿರುಗಿದವನು. ಇವರಾರೂ ಇತಿಹಾಸ ಬರೆಯುವ ಸಂಬಳ ಪಡೆದವರಲ್ಲ. ಆದರೂ ವಿಜಯನಗರದ ದಿನನಿತ್ಯದ ಬದುಕಿನ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಇವರ ಟಿಪ್ಪಣಿಗಳಿಂದಲೇ ಬಂದದ್ದು. ಶಾಸನಗಳು ದಾನ, ದತ್ತಿ, ತೆರಿಗೆಗಳ ಮಾತು ಹೇಳುತ್ತವೆ. ಒಂದು ಹಣಕ್ಕೆ ಎಷ್ಟು ಗೊಂಚಲು ದ್ರಾಕ್ಷಿ ಎಂದು ಕಲ್ಲಿನಲ್ಲಿ ಕೆತ್ತಿಸುವವರು ಯಾರು? ಊರಿನವರಿಗೆ ಅದು ಗೊತ್ತಿದ್ದ ಸಂಗತಿ, ಬರೆಯಬೇಕೆನಿಸಲಿಲ್ಲ. ಪರಸ್ಥಳದವನಿಗೆ ಮಾತ್ರ ಅದು ಸುದ್ದಿ.

ಹಾಗೆಂದು ಇವರು ಹೇಳಿದ್ದೆಲ್ಲ ನಿಜವೆ? ಅದನ್ನು ಪರೀಕ್ಷಿಸಲು ಹೊಸಪೇಟೆಯ ಸುತ್ತಮುತ್ತಲಿನ ಶಾಲೆಗಳ ಮಕ್ಕಳಿಗೆ ಇರುವ ಅನುಕೂಲ ಲೋಕದಲ್ಲಿ ಬೇರೆ ಯಾರಿಗೂ ಇಲ್ಲ. ಒಂದು ಬುತ್ತಿ, ಒಂದು ಅಳತೆ ಪಟ್ಟಿ, ಒಂದು ನೋಟ್ ಪುಸ್ತಕ ಸಾಕು.

ಮೊದಲು ಅಬ್ದುಲ್ ರಜಾಕ್. ತೈಮೂರನ ಮಗ ಶಾರೂಖನ ಆಸ್ಥಾನದಿಂದ, ಅಂದರೆ ಈಗಿನ ಅಫ್ಘಾನಿಸ್ತಾನದ ಹೆರಾತ್ ನಗರದಿಂದ, 1442ರಲ್ಲಿ ಹೊರಟವನು. ಸಮುದ್ರವೆಂದರೆ ಹೆದರುತ್ತಿದ್ದ ಮನುಷ್ಯ. ಹಾರ್ಮುಜ್‌ನಲ್ಲಿ ಹಡಗು ಹತ್ತಿ, ಕಲ್ಲಿಕೋಟೆಯಲ್ಲಿ ತಿಂಗಳುಗಟ್ಟಲೆ ಕಾಲ ಕಳೆದು, ಇಮ್ಮಡಿ ದೇವರಾಯನಿಂದ ಕರೆ ಬಂದ ಮೇಲೆ ಮಂಗಳೂರಿನ ಮಾರ್ಗವಾಗಿ ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಗೆ ವಿಜಯನಗರ ಸೇರಿದ. ಏಪ್ರಿಲ್ ಕೊನೆ ಎಂದರೆ ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಬಿಸಿಯನ್ನು ಹೊರಗೆ ಬಿಡುವ ಕಾಲ. ರಜಾಕ್ ತನ್ನ ದೇಶದ ಮರ್ಯಾದೆಗೆ ತಕ್ಕಂತೆ ಒಂದರ ಮೇಲೊಂದು ದಪ್ಪ ನಿಲುವಂಗಿ ತೊಟ್ಟು ದರ್ಬಾರಿಗೆ ಹೋದ. ಐದು ಕುದುರೆಗಳನ್ನೂ ರೇಷ್ಮೆ ಬಟ್ಟೆಗಳನ್ನೂ ಕಾಣಿಕೆ ಕೊಟ್ಟು ಕೂತವನಿಗೆ ಬೆವರು ಧಾರಾಕಾರ. ದೇವರಾಯನಿಗೆ ಕನಿಕರ ಬಂದು, ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ. ಆರು ಶತಮಾನವಾಗುತ್ತ ಬಂದರೂ ಈ ಬೀಸಣಿಗೆಯ ಗಾಳಿ ತಂಪಾಗಿಯೇ ಇದೆ.

ಊರಿಗೆ ಏಳು ಸುತ್ತಿನ ಕೋಟೆ ಎಂದು ರಜಾಕ್ ಬರೆದ. ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆ. ಅಲ್ಲಿಂದ ಒಳಗೆ ಅಂಗಡಿ ಬೀದಿಗಳು, ಕಿಕ್ಕಿರಿದ ಜನ. ಹೊರಕೋಟೆಯ ದಕ್ಷಿಣದ ಬಾಗಿಲಿನಿಂದ ಉತ್ತರದ ಬಾಗಿಲಿಗೆ ಎರಡು ಫರ್ಸಾಕ್ ದೂರ ಎಂದೂ ಹೇಳಿದ. ಒಂದು ಫರ್ಸಾಕ್ ಎಂದರೆ ಹೆಚ್ಚುಕಡಿಮೆ 6 ಕಿಲೋಮೀಟರು. ಎರಡಕ್ಕೆ 12. ಹೊಸಪೇಟೆಯಿಂದ ಹಂಪಿಗೆ ಬಸ್ಸಿನ ದಾರಿ ಸುಮಾರು 13 ಕಿಲೋಮೀಟರು! ರಾಯಭಾರಿಯ ಕಣ್ಣಳತೆ ಕೆಟ್ಟದ್ದೇನಲ್ಲ. ಆ ದಾರಿಯಲ್ಲಿ ಇಂದೂ ಬಸ್ಸಿನ ಕಿಟಕಿಯಿಂದ ಕಾಣುವುದು ಬಾಳೆ, ಕಬ್ಬು, ಗದ್ದೆ, ನಡುವೆ ಎದ್ದು ನಿಂತ ಹಳೆಯ ಗೋಡೆಯ ತುಂಡು. ಕೋಟೆಯೊಳಗೆ ಬೇಸಾಯವೇ ಎಂದು ಅನುಮಾನಿಸಿದವರು ಕಿಟಕಿ ಪಕ್ಕದ ಸೀಟು ಹಿಡಿದರೆ ಸಾಕು. ಅರಮನೆಯ ಬಳಿ ಚೆನ್ನಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು ಎಂಬುದಕ್ಕೆ ಮಹಾನವಮಿ ದಿಬ್ಬದ ಸುತ್ತಲಿನ ಕಲ್ಲಿನ ದೋಣಿಗಳು ಸಾಕ್ಷಿ. ಇನ್ನು ಗುಲಾಬಿ. ಎಲ್ಲಿ ನೋಡಿದರೂ ಗುಲಾಬಿ ಮಾರಾಟ, ಇಲ್ಲಿಯವರಿಗೆ ಊಟದಷ್ಟೇ ಅದೂ ಬೇಕು ಎಂದು ಅವನು ಬೆರಗಾದ. ಗುಲಾಬಿ ಉಳಿಯಲಿಲ್ಲ, ಪರೀಕ್ಷಿಸುವಂತಿಲ್ಲ.

ರಜಾಕ್ ಲೆಕ್ಕದಲ್ಲಿಯೂ ಗಟ್ಟಿಗ. ನಾಣ್ಯಗಳ ಕೋಷ್ಟಕವನ್ನೇ ಬರೆದಿಟ್ಟಿದ್ದಾನೆ. ಒಂದು ವರಾಹಕ್ಕೆ 2 ಪ್ರತಾಪ, ಒಂದು ಪ್ರತಾಪಕ್ಕೆ 10 ಹಣ, ಒಂದು ಹಣಕ್ಕೆ 6 ತಾರ, ಒಂದು ತಾರಕ್ಕೆ 3 ಜಿತಲ. ಹಾಗಾದರೆ ಒಂದು ವರಾಹಕ್ಕೆ ಎಷ್ಟು ಜಿತಲ? ಐದನೆಯ ತರಗತಿಯ ಮಕ್ಕಳು ಬಾಯಲ್ಲೇ 360 ಎನ್ನುತ್ತಾರೆ. ನಾವು ಇಂದು ದುಡ್ಡಿಗೆ ಹಣ ಎನ್ನುತ್ತೇವಲ್ಲ, ಅದು ಮೊದಲು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ರಾಯಭಾರಿಗೆ ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ ಎರಡು ವರಾಹ ಪಡಿ. ವಾರಕ್ಕೆ ಎರಡು ಸಂಜೆ ಅರಮನೆಯಿಂದ ಕರೆ. ಪ್ರತಿ ಸಲವೂ ವೀಳ್ಯದೆಲೆಯ ಕಟ್ಟು, ಕರ್ಪೂರ, 500 ಹಣದ ಚೀಲ. ನಿಮ್ಮ ಕಡೆ ರಾಜರು ರಾಯಭಾರಿಗಳನ್ನು ಪಂಕ್ತಿಗೆ ಕರೆಯುತ್ತಾರೆ, ನೀವೂ ನಾವೂ ಜೊತೆಗೆ ಉಣ್ಣುವಂತಿಲ್ಲವಾದ್ದರಿಂದ ಈ ಚೀಲವೇ ನಿಮಗೆ ಔತಣ ಎಂದು ದೇವರಾಯ ಹೇಳಿಕಳಿಸಿದನಂತೆ.

ಅವನು ಕಂಡದ್ದರಲ್ಲಿ ಕನ್ನಡಿಗರು ಮನೆಗೆ ಒಯ್ಯಬೇಕಾದದ್ದು ಬರವಣಿಗೆಯ ವಿಷಯ. ಇಲ್ಲಿ ಎರಡು ಬಗೆಯ ಬರಹ ಎಂದು ಗಮನಿಸಿದ. ಒಂದು, ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಗೀರುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದು ಕಲ್ಲನ್ನು ಲೇಖನಿಯಂತೆ ಮಾಡಿಕೊಂಡು ಬಿಳಿಯ ಅಕ್ಷರ ಬರೆಯುವುದು. ಇದೇ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಸವರಿ ಒಣಗಿಸಿ ಮಡಿಸಿಡುತ್ತಿದ್ದರು, ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಮನೆಯಲ್ಲಿ, ಶಾನುಭೋಗರ ಮನೆಯಲ್ಲಿ ಈ ಪದ್ಧತಿ ಬಹುಕಾಲ ನಡೆಯಿತು. ಬಟ್ಟೆ ಹೋಯಿತು, ಹುಣಿಸೆಬೀಜ ಹೋಯಿತು, ಮಾತು ಮಾತ್ರ ಗಟ್ಟಿಯಾಗಿ ಕೂತಿತು. ತಾಲ್ಲೂಕು ಕಚೇರಿಯಲ್ಲಿ ಕಡತ ಮುಂದಕ್ಕೆ ಹೋಗಿಲ್ಲ ಎಂದು ಗುಮಾಸ್ತರು ಹೇಳುವಾಗ ಅವರ ಬಾಯಲ್ಲಿರುವುದು ರಜಾಕ್ ನೋಡಿದ ಆ ಕಪ್ಪು ಬಟ್ಟೆಯೇ.

ಸುಖದ ದಿನಗಳು ಬಹಳ ಕಾಲ ನಡೆಯಲಿಲ್ಲ. ಹಾರ್ಮುಜ್‌ನಿಂದ ಬಂದಿದ್ದ ಕೆಲವು ವ್ಯಾಪಾರಿಗಳು, ಇವನನ್ನು ಶಾರೂಖ್ ಕಳಿಸಿಯೇ ಇಲ್ಲ ಎಂದು ಗುಲ್ಲೆಬ್ಬಿಸಿದರು. ಮುಖ್ಯ ಮಂತ್ರಿ ದಂಡಯಾತ್ರೆಗೆ ಹೋಗಿದ್ದ ಹೊತ್ತು. ಅವನ ಜಾಗದಲ್ಲಿ ಕೂತವನು ರಾಯಭಾರಿಯ ದಿನದ ಪಡಿ ನಿಲ್ಲಿಸಿದ. ದೂರದೇಶದಲ್ಲಿ, ಭಾಷೆ ಬಾರದ ಊರಿನಲ್ಲಿ, ನಾನು ನಾನೇ ಎಂದು ಸಾಬೀತು ಮಾಡುವುದು ಹೇಗೆ? ಇಂದು ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಈ ಸಂಕಟ ಗೊತ್ತು. ಮಂತ್ರಿ ಹಿಂದಿರುಗಿದ ಮೇಲೆ ತನ್ನ ಬದಲಿಯನ್ನು ಗದರಿಸಿ, ಟಂಕಸಾಲೆಯಿಂದ ಹಣ ಕೊಡಿಸಿದ. ಆದರೂ ಅನುಮಾನದ ಕಲೆ ಪೂರಾ ಅಳಿಯಲಿಲ್ಲ. ಬೀಳ್ಕೊಡುವಾಗ ರಾಯ, ನಿನ್ನನ್ನು ಶಾರೂಖ್ ಕಳಿಸಿದ್ದಲ್ಲ ಎಂದು ಜನ ಹೇಳಿದರು, ಇಲ್ಲವಾದರೆ ಇನ್ನೂ ಹೆಚ್ಚು ಗೌರವಿಸುತ್ತಿದ್ದೆವು, ಮತ್ತೊಮ್ಮೆ ಬಂದರೆ ತಕ್ಕಂತೆ ನೋಡಿಕೊಳ್ಳುತ್ತೇವೆ ಎಂಬರ್ಥದ ಮಾತಾಡಿದ. ರಜಾಕ್ ಮತ್ತೆ ಬರಲಿಲ್ಲ. ತನಗೆ ಆದ ಅವಮಾನವನ್ನು ಮುಚ್ಚಿಡದೆ ಬರೆದ ಈ ಮನುಷ್ಯ, ಅದೇ ಊರನ್ನು ಹೊಗಳುವಾಗ ಮಾತ್ರ ಜಿಪುಣತನ ಮಾಡಲಿಲ್ಲ. ಅವನ ಮಾತಿಗೆ ಹೆಚ್ಚು ತೂಕ ಬರುವುದು ಇಲ್ಲಿಯೇ.

ಮುಂದಿನವರು ಕುದುರೆ ವ್ಯಾಪಾರದ ಜನ. ವಿಜಯನಗರಕ್ಕೆ ಒಳ್ಳೆಯ ಕುದುರೆ ಬರಬೇಕಾದ್ದು ಅರಬ್ ಕಡಲಿನ ಆಚೆಯಿಂದ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ, ಜೀವಂತ ಕುದುರೆಗೆ ಕೊಡುವಷ್ಟೇ ಬೆಲೆ ಕೊಡುತ್ತಿದ್ದರೆಂದು ಫರ್ನಾವೊ ನ್ಯೂನಿಜ್ ಬರೆದಿದ್ದಾನೆ. ವಿಮೆಯ ಈ ಏರ್ಪಾಟಿನಲ್ಲಿ ಎಷ್ಟು ಮುದಿ ಕುದುರೆಗಳ ಬಾಲ ರಾಯರ ಬೊಕ್ಕಸ ಕರಗಿಸಿತೋ! ನ್ಯೂನಿಜ್ ತಾನೂ ಕುದುರೆ ವ್ಯಾಪಾರಿ, ಇಲ್ಲಿದ್ದದ್ದು ಸುಮಾರು 1535ರಿಂದ 1537ರವರೆಗೆ, ಅಚ್ಯುತರಾಯನ ಆಳ್ವಿಕೆಯಲ್ಲಿ. ಅವನಿಗಿಂತ ಸುಮಾರು ಹದಿನೈದು ವರ್ಷ ಮೊದಲು, ಕೃಷ್ಣದೇವರಾಯನ ಕಾಲದಲ್ಲಿ, ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಕುದುರೆ ವ್ಯಾಪಾರಿಯ ತಂಡದೊಂದಿಗೆ ಡೊಮಿಂಗೊ ಪಾಯೆಸ್ ಬಂದಿದ್ದ. ಇಬ್ಬರ ಬರಹಗಳೂ ಪ್ಯಾರಿಸ್ಸಿನ ಗ್ರಂಥಾಲಯವೊಂದರಲ್ಲಿ ಮಲಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸ್ ಅವನ್ನು ಅಚ್ಚು ಹಾಕಿಸಿದರು. ಮದರಾಸು ಸರ್ಕಾರದ ಅಧಿಕಾರಿ ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಅಲ್ಲಿಯವರೆಗೆ ಹಂಪಿಯ ಕಲ್ಲುಗಳ ನಡುವೆ ಓಡಾಡಿದವರಿಗೆ ಇಂಥ ಕೈಪಿಡಿಯೊಂದು ಇದೆಯೆಂದೇ ಗೊತ್ತಿರಲಿಲ್ಲ.

ಪಾಯೆಸ್ ನೋಡುವುದರಲ್ಲಿ ಗಟ್ಟಿಗ. ಕೃಷ್ಣದೇವರಾಯ ಸಾಧಾರಣ ಎತ್ತರ, ಬಿಳಿ ಮೈಬಣ್ಣ, ಕೊಂಚ ದಪ್ಪ, ಮುಖದ ಮೇಲೆ ಸಿಡುಬಿನ ಕಲೆ ಎಂದು ಬರೆದವನು ಅವನೇ. ನಸುಕಿಗೆ ಮುನ್ನ ರಾಯ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದನಂತೆ. ಊರು ಎಷ್ಟು ದೊಡ್ಡದೆಂದು ತಿಳಿಯಲು ಪಾಯೆಸ್ ಬೆಟ್ಟ ಹತ್ತಿದ. ಬೆಟ್ಟದ ಸಾಲುಗಳು ಅಡ್ಡ ಇದ್ದದ್ದರಿಂದ ಒಂದೇ ಕಡೆಯಿಂದ ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್ ನಗರದಷ್ಟು ಇತ್ತು ಎಂದ. ಕಾಣದ್ದನ್ನು ಕಾಣಲಿಲ್ಲ ಎಂದು ಬರೆದಿಡುವ ಈ ಗುಣವನ್ನು ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ಬರೆಯುವ ಮಕ್ಕಳು ಗಮನಿಸಬಹುದು. ಮತಂಗ ಬೆಟ್ಟ ಹತ್ತಿದರೆ ಅವನ ಕಷ್ಟ ಇಂದೂ ಅರ್ಥವಾಗುತ್ತದೆ. ಒಂದು ಬಂಡೆಗುಪ್ಪೆಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

ಹಂಪಿಯಿಂದ ಹೊಸಪೇಟೆಗೆ ಮರಳಿ, ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳ ಕಡೆ ಮುಖ ಮಾಡಿದರೆ ಇನ್ನೊಬ್ಬ ಪರದೇಶಿ ಸಿಗುತ್ತಾನೆ. ಹೊಸಪೇಟೆಯೇ ಆಗ ಹೊಸ ಊರು. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಅದರ ಹತ್ತಿರ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಗೆ ಅಡ್ಡವಾಗಿ ಭಾರಿ ಏರಿಯೊಂದಿದೆ. ಜನ ಅದನ್ನು ರಾಯರ ಕೆರೆ ಎನ್ನುತ್ತಾರೆ. ನೀರಿರಬೇಕಾದ ಜಾಗದಲ್ಲಿ ಬಹುಮಟ್ಟಿಗೆ ಹೊಲಗಳೇ. ಈ ಕೆರೆ ಕಟ್ಟಲೆಂದು ರಾಯ ಗೋವೆಯ ಪೋರ್ಚುಗೀಸ್ ಗವರ್ನರನಿಂದ ಕಲ್ಲುಕೆಲಸದವರನ್ನು ಕೇಳಿದ. ಬಂದವನು ಜೋವಾವೊ ದೆಲ್ಲಾ ಪೊಂಟೆ. ಉಳಿದವರೆಲ್ಲ ನೋಡಿ ಹೋಗಲು, ಮಾರಿ ಹೋಗಲು ಬಂದವರು. ಇವನು ಕೆಲಸ ಮಾಡಿ ತೋರಿಸಬೇಕಾದವನು.

ನ್ಯೂನಿಜ್ ಹೇಳುವ ಕಥೆ ಹೀಗಿದೆ. ಸ್ಥಳ ನೋಡಿದ ಜೋವಾವೊಗೆ ಇದು ಆಗದ ಕೆಲಸ ಎನ್ನಿಸಿತು. ಆದರೂ ರಾಯನೆದುರು ಆಗದು ಎನ್ನುವುದುಂಟೆ? ಸುಣ್ಣ ಸಿದ್ಧಮಾಡಿಸಿ ಎಂದ. ರಾಯ ನಕ್ಕುಬಿಟ್ಟ, ಈ ದೇಶದಲ್ಲಿ ಮನೆ ಕಟ್ಟಲು ಸುಣ್ಣ ಬಳಸುವುದನ್ನು ಅರಿಯರು. ದೊಡ್ಡ ದೊಡ್ಡ ಬಂಡೆಗಳನ್ನೇ ಕಣಿವೆಗೆ ಉರುಳಿಸಿದರು. ಹಗಲು ಕಟ್ಟಿದ್ದು ಇರುಳು ಕುಸಿಯಿತು.

ಇಲ್ಲಿ ನ್ಯೂನಿಜ್‌ನನ್ನು ತಡೆದು ನಿಲ್ಲಿಸಬೇಕು. ಸುಣ್ಣ ಅರಿಯದ ಊರೆ? ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೆ ಇಂದಿಗೂ ಅಂಟಿಕೊಂಡಿರುವ ಗಾರೆ ಏನು? ಗೋಪುರಗಳ ಇಟ್ಟಿಗೆಯ ಮೇಲಿನ ಗೊಂಬೆಗಳನ್ನು ಮಾಡಿದ್ದು ಯಾವುದರಿಂದ? ಮಣ್ಣಿನ ಏರಿಗೆ ಸುಣ್ಣ ಬೇಡವೆಂದು ರಾಯ ನಕ್ಕಿರಬಹುದು. ಅದು ಊರಿಗೇ ಸುಣ್ಣ ಗೊತ್ತಿಲ್ಲ ಎಂಬ ಮಾತಾಗಿ ವ್ಯಾಪಾರಿಗಳ ಬಿಡಾರದಲ್ಲಿ ಹದಿನೈದು ವರ್ಷ ಬಾಯಿಂದ ಬಾಯಿಗೆ ಬೆಳೆದಿರಬಹುದು. ನ್ಯೂನಿಜ್ ಕಂಡದ್ದಲ್ಲ, ಕೇಳಿದ್ದು.

ಪಾಯೆಸ್ ಮಾತ್ರ ಕಂಡವನು. ಕೆರೆಯ ಅಂಗಳದಲ್ಲಿ ಹದಿನೈದಿಪ್ಪತ್ತು ಸಾವಿರ ಜನ ದುಡಿಯುತ್ತಿದ್ದರು, ನೆಲ ಕಾಣದಂತೆ ಇರುವೆಗಳ ಹಾಗೆ ಮುತ್ತಿದ್ದರು ಎಂದು ಬರೆದ. ಮೂರು ಲೀಗಿಗೂ ಹೆಚ್ಚು ದೂರದಿಂದ ಬೆಟ್ಟದ ಬುಡದಲ್ಲಿ ಕೊಳವೆ ಹಾಕಿ ನೀರು ತರುತ್ತಿದ್ದರಂತೆ. ಕೆರೆ ಎರಡು ಮೂರು ಸಲ ಒಡೆಯಿತು ಎಂಬುದನ್ನೂ ಅವನೇ ಹೇಳುತ್ತಾನೆ. ಒಡೆಯುವುದು ಸುಲಭ. ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಏರುತ್ತದೆ. ಹತ್ತು ಮೀಟರ್ ಆಳದಲ್ಲಿ ಒಂದು ಚದರ ಮೀಟರಿಗೆ ಹತ್ತು ಟನ್. ಆಳ ಎರಡರಷ್ಟಾದರೆ ಕಟ್ಟೆಯ ಮೇಲಿನ ಒಟ್ಟು ನೂಕು ನಾಲ್ಕರಷ್ಟು. ಬಂಡೆಗಳ ಸಂದಿಯಲ್ಲಿ ಬೆರಳು ಗಾತ್ರದ ನೀರು ಮಣ್ಣನ್ನು ಹೊತ್ತು ಹರಿಯತೊಡಗಿದರೆ, ಬೆಳಗಾಗುವುದರೊಳಗೆ ಅದು ಬಾಗಿಲಿನಷ್ಟಾಗುತ್ತದೆ. ಅಂದು ಕಾರಣ ಹುಡುಕಿದ್ದು ಬೇರೆ ದಾರಿಯಲ್ಲಿ. ನರಬಲಿ ಕೊಟ್ಟರೆಂದು ಇಬ್ಬರೂ ಬರೆದಿದ್ದಾರೆ. ಪಾಯೆಸ್ ಅರವತ್ತು ಜನ ಎನ್ನುತ್ತಾನೆ, ಜೊತೆಗೆ ಕುದುರೆ, ಕೋಣಗಳು. ನ್ಯೂನಿಜ್ ಹೇಳುವಂತೆ ಅವರು ಮರಣದಂಡನೆಗೆ ಗುರಿಯಾಗಿದ್ದ ಕೈದಿಗಳು. ಹೆಸರಿಲ್ಲದ ಆ ಜನರನ್ನು ನೆನೆಯದೆ ಏರಿಯ ಮೇಲೆ ನಡೆಯುವುದು ಕಷ್ಟ. ಕೊನೆಗೆ ಕೆರೆ ನಿಂತಿತು, ನೀರು ಗದ್ದೆ ತೋಟಗಳಿಗೆ ಹರಿಯಿತು, ಒಂಬತ್ತು ವರ್ಷ ರೈತರಿಂದ ಕಂದಾಯ ಕೇಳಲಿಲ್ಲ ಎಂದು ನ್ಯೂನಿಜ್ ಮುಗಿಸುತ್ತಾನೆ. ಗೋವೆಯಿಂದ ಬಂದ ಜೋವಾವೊನನ್ನು ಆ ಹೊತ್ತಿಗೆ ಅವನು ಮರೆತೇಬಿಟ್ಟಿದ್ದಾನೆ.

ಕೇಳಿದ್ದನ್ನು ಬರೆಯುವಾಗ ನ್ಯೂನಿಜ್ ಎಡವುವುದು ಕಂಪ್ಲಿಯ ಕಥೆಯಲ್ಲಿ ಇನ್ನೂ ಸ್ಪಷ್ಟ. ದೆಹಲಿಯ ತುಘಲಕ್ ಸೈನ್ಯ ದಕ್ಷಿಣಕ್ಕೆ ಬಂದ ಕಥೆಯನ್ನು ಅವನು 1230ರಿಂದ ಆರಂಭಿಸುತ್ತಾನೆ. ಕಂಪಿಲರಾಯನ ರಾಜ್ಯ ಬಿದ್ದದ್ದು 1327ರಲ್ಲಿ. ಒಟ್ಟು ನೂರು ವರ್ಷದ ತಪ್ಪು! ಪರೀಕ್ಷೆಯಲ್ಲಾದರೆ ಸೊನ್ನೆ. ಆದರೆ ತಾನು ವ್ಯಾಪಾರ ಮಾಡಿದ ಕುದುರೆಗಳ ವಿಷಯ ಬಂದಾಗ ಅವನ ಮಾತಿನಲ್ಲಿ ತಡವರಿಕೆಯೇ ಇಲ್ಲ. ತನ್ನ ಕೆಲಸದ ಸಾಮಾನು ಯಾರಿಗೂ ಚೆನ್ನಾಗಿ ಗೊತ್ತಿರುತ್ತದೆ.

ಕಂಪ್ಲಿಯಲ್ಲಿ ಈಗ ಕೋಟೆಗಿಂತ ಜನರ ಬಾಯಲ್ಲಿ ಇರುವುದು ಸೇತುವೆ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಅದು ಮುಳುಗಿ ಗಂಗಾವತಿಯ ದಾರಿ ಕಟ್ಟಾಗುತ್ತದೆ. ಸೇತುವೆ ಇಲ್ಲದ ಕಾಲದಲ್ಲಿ ಈ ಹೊಳೆ ದಾಟಿಸುತ್ತಿದ್ದದ್ದು ಹರಿಗೋಲು. ಆನೆಗೊಂದಿಯ ಬಳಿ ಪಾಯೆಸ್ ಅದನ್ನು ಕಂಡು ಬುಟ್ಟಿಯಂಥ ದುಂಡು ದೋಣಿ ಎಂದ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ. ಬೇರೆ ದೋಣಿಗಳಂತೆ ನೇರ ಹೋಗದೆ ಸದಾ ತಿರುಗುತ್ತಲೇ ಇರುತ್ತದೆ ಎಂದು ಸೋಜಿಗಪಟ್ಟ. ಸೋಜಿಗವೇನೂ ಇಲ್ಲ. ದುಂಡು ತಳಕ್ಕೆ ಮೂತಿಯೂ ಇಲ್ಲ, ಬೆನ್ನೆಲುಬಿನಂಥ ದಿಂಡೂ ಇಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗಲೇಬೇಕು. ಅದೇ ಗುಣದಿಂದ ಬಂಡೆಗೆ ತಗುಲಿದರೂ ಒಡೆಯದೆ ಜಾರಿ ಪಕ್ಕಕ್ಕೆ ಸರಿಯುತ್ತದೆ. ಪ್ರವಾಸಿಗರು ಇಂದು ಹಣ ಕೊಟ್ಟು ತಿರುಗಿಸಿಕೊಳ್ಳುವುದು ಇದೇ ದೋಣಿಯಲ್ಲಿ. ಚರ್ಮ ಹೋಗಿ ಪ್ಲಾಸ್ಟಿಕ್ಕೂ ಡಾಂಬರೂ ಬಂದಿವೆ.

ಕಡೆಯವನು ಸೀಸರ್ ಫ್ರೆಡರಿಕ್, ವೆನಿಸ್ಸಿನ ವ್ಯಾಪಾರಿ. 1565ರ ರಕ್ಕಸತಂಗಡಿ ಯುದ್ಧದಲ್ಲಿ ಎಲ್ಲ ಮುಗಿದು ಎರಡು ವರ್ಷದ ಮೇಲೆ, 1567ರಲ್ಲಿ, ಗೋವೆಯಿಂದ ಬಂದ. ಜೊತೆಯಲ್ಲಿದ್ದ ಇಬ್ಬರು ವ್ಯಾಪಾರಿಗಳು ಮುನ್ನೂರು ಅರಬ್ಬೀ ಕುದುರೆ ಹೊಡೆದುಕೊಂಡು ಬಂದಿದ್ದರು. ಪಾಳುಬಿದ್ದ ಊರನ್ನು ಮತ್ತೆ ನಿಲ್ಲಿಸಬೇಕೆಂದಿದ್ದ ತಿರುಮಲನಿಗೆ ಕುದುರೆ ಬೇಕಿತ್ತು, ಕೊಡಲು ಹಣವಿರಲಿಲ್ಲ. ಕುದುರೆ ತೆಗೆದುಕೊಂಡು ಬರಿಗೈಯಲ್ಲಿ ಕಳಿಸಿಬಿಟ್ಟ. ಬಾಲಕ್ಕೂ ಬೆಲೆ ಕೊಟ್ಟಿದ್ದ ಊರು ಇದು.

ಒಂದು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಫ್ರೆಡರಿಕ್ ಏಳು ತಿಂಗಳು ಉಳಿಯಬೇಕಾಯಿತು. ಹೊರಗೆ ದಾರಿಗಳೆಲ್ಲ ಕಳ್ಳರ ಪಾಲು. ಮುಂದೆ ತಿರುಮಲನೂ ಪೆನುಕೊಂಡೆಗೆ ಹೋದ. ಮನೆಗಳು ನಿಂತಿವೆ, ಒಳಗೆ ಹುಲಿಗಳೂ ಕಾಡುಮೃಗಗಳೂ ಅಲ್ಲದೆ ಬೇರೆ ಯಾರೂ ಇಲ್ಲ ಎಂದು ಬರೆದ. ಆದರೆ ಜನ ಉಳಿದಿದ್ದ ತಿಂಗಳುಗಳ ನೆನಪನ್ನೂ ಅವನು ದಾಖಲಿಸಿದ್ದಾನೆ. ಅರಮನೆಯ ಬಾಗಿಲುಗಳು ರಾತ್ರಿಯೆಲ್ಲ ತೆರೆದಿರುತ್ತಿದ್ದವು. ಸೆಕೆ ತಾಳಲಾರದೆ ಪರದೇಶದ ವ್ಯಾಪಾರಿಗಳು ಬೀದಿಯಲ್ಲಿ, ಜಗುಲಿಗಳಲ್ಲಿ ಮಲಗುತ್ತಿದ್ದರು. ಒಬ್ಬರ ಗಂಟೂ ಕಳುವಾಗಲಿಲ್ಲ.